ಉಸಿರು ನಿಲ್ಲುತ್ತದೆ ಎಂದವರು

ಬೇಕರಿಯಲ್ಲಿ ಅವನನ್ನು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಮೈಕಟ್ಟು ಹಾಗಿತ್ತು ಎನ್ನುವುದು ಒಂದು ಕಾರಣ. ಇನ್ನೊಂದು, ಒಲೆಯಿಂದ ಇಳಿದ ಪ್ರತಿ ಕೇಕಿನ ಹೊಟ್ಟೆಗೂ ಕಡ್ಡಿ ಚುಚ್ಚಿ, ಹೊರಗೆಳೆದು, ಬೆಳಕಿಗೆ ಹಿಡಿದು ನೋಡದೆ ಅವನು ಟ್ರೇಯನ್ನು ಮುಂದಕ್ಕೆ ಬಿಡುತ್ತಿರಲಿಲ್ಲ. ಬಣ್ಣ ಬಂದಿದೆ, ಘಮ ಬಂದಿದೆ, ಗಡಿಯಾರವೂ ಆಯಿತು ಎನ್ನುತ್ತಿದೆ, ಇನ್ನೇನು ಸಾಕ್ಷಿ ಬೇಕಯ್ಯ ನಿನಗೆ ಎಂದು ಜೊತೆಯವರು ರೇಗಿದರೆ, "ಒಳಗೆ ಹಸಿ ಇದ್ರೆ ನೀನು ತಿಂತೀಯಾ?" ಎಂದು ತಿರುಗಿ ಕೇಳುವನು.

ಅವನದು ರಾತ್ರಿ ಪಾಳಿ. ಊರಿನವರು ಊಟಕ್ಕೆ ಕೂರುವ ಹೊತ್ತಿಗೆ ಅವನು ಹಿಟ್ಟು ಕಲಸುವ ಯಂತ್ರದ ಮುಂದೆ ನಿಂತಿರುತ್ತಿದ್ದ. ಬ್ರೆಡ್ಡಿನ ವ್ಯಾನುಗಳೆಲ್ಲ ಹೊರಟ ಮೇಲೆ, ರೆಪ್ಪೆಗೆ ಅಂಟಿದ ಹಿಟ್ಟು ತೊಳೆದುಕೊಂಡು ಮನೆಗೆ ಬರುತ್ತಿದ್ದ. ಹೆಂಡತಿ ಟೀ ಇಟ್ಟಿರುತ್ತಿದ್ದಳು. ಅವಳು ಟೈಲರ್ ಅಂಗಡಿಗೆ ಹೊರಟಂತೆ ಇವನು ಹಾಸಿಗೆಗೆ. ಮಗು ಬರುತ್ತದೆ ಎಂದು ತಿಳಿದ ಮೇಲಂತೂ ವಾರದ ರಜೆಯನ್ನೂ ಬಿಟ್ಟು ದುಡಿಯತೊಡಗಿದ್ದ. ಗಂಡ ಹೆಂಡತಿ ಒಂದೇ ಹೊತ್ತಿನಲ್ಲಿ ಕಣ್ಣು ಮುಚ್ಚಿ ತಿಂಗಳುಗಳೇ ಕಳೆದಿದ್ದವು.

ಅವಳಿಗೆ ಆರನೇ ತಿಂಗಳು. ತಪಾಸಣೆಗೆಂದು ಆಸ್ಪತ್ರೆಗೆ ಕರೆದುಕೊಂಡು ಬಂದವನು, ಪಾಳಿ ಮುಗಿಸಿ ನೇರವಾಗಿ ಬಂದಿದ್ದರಿಂದ, ಪರದೆಯ ಈಚೆಗಿದ್ದ ಕುರ್ಚಿಯಲ್ಲಿ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದ. ನಿದ್ದೆ ಬಂದಿರಲಿಲ್ಲ. ಪರದೆಯ ಆಚೆ ನರ್ಸ್ ಅವಳ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕುತ್ತಿದ್ದದ್ದು, ಮತ್ತೊಮ್ಮೆ ಹಾಕಿದ್ದು, "ಇವತ್ತೂ ಬಿಪಿ ಸ್ವಲ್ಪ ಮೇಲೇ ಇದೆಯಲ್ಲ" ಎಂದದ್ದು ಎಲ್ಲ ಕೇಳಿಸುತ್ತಿತ್ತು.

"ಹೊರಗೆ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ರಿ. ನಾನು ಎರಡು ಸಲ ಕರೆದೆ" ಎಂದಳು ನರ್ಸ್. "ರಾತ್ರಿ ಗೊರಕೆ ಬರುತ್ತಾ?"

ಹೆಂಡತಿ ನಕ್ಕ ಸದ್ದು. "ಬರುತ್ತಂತೆ. ಮೊದಲು ಇರಲಿಲ್ಲ."

"ಬೆಳಿಗ್ಗೆ ತಲೆನೋವು? ಬಾಯಿ ಒಣಗೋದು?"

"ಎರಡೂ ಇದೆ."

"ನಿದ್ದೇಲಿ ಉಸಿರು ನಿಲ್ಲುತ್ತೆ ಅಂತ ಯಾರಾದ್ರೂ ಹೇಳಿದಾರಾ?"

 ಹೆಂಡತಿ ದನಿ ತಗ್ಗಿಸಿದಳು. "ಹ್ಞೂಂ, ಹೇಳಿದಾರೆ."

"ಯಜಮಾನ್ರಾ?"

"ಅಲ್ಲ. ಇವರು ರಾತ್ರಿ ಮನೇಲಿರಲ್ವಲ್ಲ. ಜೊತೆಗಿರೋರು ಹೇಳಿದ್ರು."

ಕಡ್ಡಿಯ ಕಣ್ಣು ತೆರೆಯಿತು. ತೆರೆದದ್ದನ್ನು ತಕ್ಷಣ ಮುಚ್ಚಿಕೊಂಡ.

"ಹಾಗಾದ್ರೆ ಮುಂದಿನ ವಾರ ಡಾಕ್ಟರಮ್ಮನ್ನ ನೋಡೋಕೆ ಬರುವಾಗ ಅವರನ್ನೂ ಕರ್ಕೊಂಡು ಬನ್ನಿ. ಬಸುರಿಯರಿಗೆಲ್ಲ ಸುಸ್ತು ಇರುತ್ತೆ, ನಿದ್ದೆಗೇಡು ಇರುತ್ತೆ, ಬರೀ ಪ್ರಶ್ನೆ ಕೇಳಿ ಇದನ್ನ ಹಿಡಿಯೋಕಾಗಲ್ಲ. ಕಣ್ಣಾರೆ ಕಂಡವರು ಹೇಳಿದ್ರೆ ಅನುಕೂಲ."

"ಕೇಳ್ನೋಡ್ತೀನಿ" ಎಂದಳು ಹೆಂಡತಿ. "ಹಗಲು ಹೊತ್ತು ಬರೋಕೆ ಅವರು ಒಪ್ಪೋದು ಕಷ್ಟ. ಇವರ ಕಣ್ಣಿಗೆ ಬೀಳಬಾರದು ಅಂತಾರೆ."

ಪರದೆ ಸರಿಯಿತು. ಹೆಂಡತಿ ಬಂದು ಅವನ ಹೆಗಲು ಮುಟ್ಟಿ, "ರೀ, ಏಳಿ, ಆಯ್ತು" ಎಂದಳು. ಅವನು ಆಗಷ್ಟೇ ಎಚ್ಚರವಾದವನಂತೆ ಕಣ್ಣುಜ್ಜಿಕೊಂಡ. ಆ ನಟನೆ ತನಗೆ ಅಷ್ಟು ಸಲೀಸಾಗಿ ಬಂದದ್ದು ಅವನಿಗೇ ಆಶ್ಚರ್ಯ.

ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದೇ ಮಾತು ಗಿರಕಿ ಹೊಡೆಯುತ್ತಿತ್ತು: ಅವರು. "ಅವನು" ಎಂದಿದ್ದರೆ ಎದೆ ಒಡೆದು ಹೋಗುತ್ತಿತ್ತು, "ಅವಳು" ಎಂದಿದ್ದರೆ ಹಗುರಾಗುತ್ತಿತ್ತು. ಗಂಡೋ ಹೆಣ್ಣೋ ಬಿಟ್ಟುಕೊಡದೆ, ಮೇಲಿಂದ ಮರ್ಯಾದೆ ಬೇರೆ ಕೊಟ್ಟು, "ಅವರು" ಎಂದಿದ್ದಳಲ್ಲ! ಕೇಳಿಬಿಡಬಹುದಿತ್ತು. ಯಾರೇ ಅವರು ಎಂದರೆ ಮುಗಿಯುತ್ತಿತ್ತು. ಆದರೆ ಕೇಳಿದರೆ ಅವಳು ಒಂದು ಉತ್ತರ ಹೇಳುತ್ತಾಳೆ, ಆ ಉತ್ತರ ನಿಜವೋ ಸುಳ್ಳೋ ಎಂದು ಆಮೇಲೆ ಜೀವಮಾನವಿಡೀ ಚುಚ್ಚಿ ನೋಡುತ್ತಾ ಕೂರಬೇಕು. ಅದಕ್ಕಿಂತ ತಾನೇ ಪತ್ತೆ ಮಾಡುವುದು ವಾಸಿ ಎನಿಸಿತು.

"ನರ್ಸ್ ಏನಂದ್ಳು?" ಎಂದು ಮಾತ್ರ ಕೇಳಿದ.

"ನಿದ್ದೆ ಸರಿಯಾಗ್ತಿಲ್ವಂತೆ. ಮುಂದಿನ ವಾರ ಡಾಕ್ಟರಮ್ಮ ನೋಡ್ತಾರಂತೆ. ನೀವೇನೂ ಬರಬೇಡಿ, ಮಲಗಿ. ನಾನೇ ಹೋಗಿ ಬರ್ತೀನಿ."

ನೀವೇನೂ ಬರಬೇಡಿ. ಅದನ್ನೂ ಅವನು ಮನಸ್ಸಿನಲ್ಲಿ ಮಡಿಚಿಟ್ಟುಕೊಂಡ.

ಅಂದಿನಿಂದ ಮನೆಯ ಒಂದೊಂದು ವಸ್ತುವೂ ಅವನ ಪಾಲಿಗೆ ಸಾಕ್ಷಿಯಾಯಿತು. ಅಡುಗೆಮನೆಯ ಕಟ್ಟೆಯ ಮೇಲೆ ಬೆಳಿಗ್ಗೆ ಎರಡು ಲೋಟ ತೊಳೆದು ಬೋರಲು ಹಾಕಿರುತ್ತಿದ್ದವು. ರಾತ್ರಿ ಒಬ್ಬಳೇ ಇದ್ದವಳಿಗೆ ಎರಡು ಲೋಟ ಯಾಕೆ? ಮುಂದಿನ ಕೋಣೆಯ ಮೂಲೆಯಲ್ಲಿ ಸುತ್ತಿಟ್ಟ ಚಾಪೆ ಅವನಿಟ್ಟಂತೆ ಇರಲಿಲ್ಲ. ಅವನು ಸಡಿಲವಾಗಿ ಸುತ್ತುವವನು, ಇದನ್ನು ಯಾರೋ ಬಿಗಿಯಾಗಿ ಸುತ್ತಿದ್ದರು. ಅದರೊಳಗಿನ ದಿಂಬನ್ನು ಮೂಗಿಗೆ ಹಿಡಿದು ನೋಡಿದ. ನೋವಿನ ಮುಲಾಮಿನ ವಾಸನೆ. ಅವನಾಗಲಿ ಅವಳಾಗಲಿ ಮುಲಾಮು ಹಚ್ಚುವವರಲ್ಲ.

ಯಾರಿರಬಹುದು? ಅವಳಿಗೆ ತಾಯಿಯಿಲ್ಲ, ಒಡಹುಟ್ಟಿದವರಿಲ್ಲ. ಇವನ ಕಡೆಯಿಂದ ಒಬ್ಬ ಅಕ್ಕ ಇದ್ದಳು, ಸೇತುವೆಯ ಆಚೆ, ಬಸ್ ಡಿಪೋದಲ್ಲಿ ಕೆಲಸ. ಅಪ್ಪ ತೀರಿಕೊಂಡ ದಿನದಿಂದ ಅವಳಿಗೂ ಇವನಿಗೂ ಮಾತಿಲ್ಲ. ಮದುವೆಗೂ ಕರೆದಿರಲಿಲ್ಲ. ಅವಳ ವಿಷಯ ಮನೆಯಲ್ಲಿ ಎತ್ತಕೂಡದು ಎಂದು ಮದುವೆಯ ಹೊಸತರಲ್ಲೇ ಹೆಂಡತಿಗೆ ಹೇಳಿಬಿಟ್ಟಿದ್ದ. ಆ ಬಾಗಿಲು ಮುಚ್ಚಿತ್ತು. ಉಳಿದದ್ದು ಮೇಲಿನ ಮನೆ.

ಮೇಲಿನ ಮನೆಯಲ್ಲಿದ್ದವರು ವಾಚು ರಿಪೇರಿಯವರು. ವಯಸ್ಸು ನಲವತ್ತರ ಮೇಲೆ, ಮದುವೆಯಿಲ್ಲ, ಬೆರಳು ನೀಳ, ಮಾತು ಮೆತ್ತಗೆ. ಮೊದಲೆಲ್ಲ ಕಡ್ಡಿಗೆ ಅವರನ್ನು ಕಂಡರೆ ಗೌರವ. ಈಗ ಅದೇ ಮೆತ್ತನೆಯ ಮಾತು ಮೈಮೇಲೆ ಹುಳ ಹರಿದಂತಾಗುತ್ತಿತ್ತು. ಒಂದು ಬೆಳಿಗ್ಗೆ ಮೆಟ್ಟಿಲಲ್ಲಿ ಎದುರಾದವರು ನಿಂತು, "ನಿಮ್ಮನೆಯವರಿಗೆ ಈಗ ರಾತ್ರಿ ನಿದ್ದೆ ಬರ್ತಿದೆಯಾ?" ಎಂದು ಕೇಳಿಯೇ ಬಿಟ್ಟರು.

ಕಡ್ಡಿಗೆ ನೆತ್ತಿಗೇರಿತು. "ನಿಮಗ್ಯಾಕ್ರೀ ನಮ್ಮನೆ ನಿದ್ದೆ?"

ಅವರು ಕಕ್ಕಾಬಿಕ್ಕಿಯಾದರು. "ಅಲ್ಲ, ಹಾಗಲ್ಲ... ಸುಮ್ನೆ ಕೇಳ್ದೆ" ಎಂದು ಕನ್ನಡಕ ಸರಿಮಾಡಿಕೊಂಡು, ಗೋಡೆಯ ಪಕ್ಕಕ್ಕೆ ಸರಿದು ಇಳಿದು ಹೋದರು. ಸುಮ್ಮನೆ ಕೇಳಿದ್ದರೆ ಆ ಪರಿ ಮುಖ ಕೆಂಪಾಗುವುದೇಕೆ?

ಎದುರುಮನೆಯ ಅಜ್ಜಿ ಉರಿಗೆ ಎಣ್ಣೆ ಸುರಿದಳು. ಅವಳು ಬೆಳಗಿನ ಜಾವವೇ ಎದ್ದು ಕಿಟಕಿಯ ಬಳಿ ಕೂರುವವಳು. ಕಣ್ಣಿಗೆ ಪೊರೆ ಬಂದಿತ್ತು, ಕಿವಿ ಮಾತ್ರ ಚುರುಕು. ಕಡ್ಡಿ ಅವಳಿಗೊಂದು ಬಿಸಿ ಬನ್ನು ಕೊಟ್ಟು, ಅಲ್ಲಿ ಇಲ್ಲಿಯ ಮಾತು ಆಡಿ, ನಮ್ಮ ಬೀದಿಯಲ್ಲಿ ಹೊಸಬರು ಓಡಾಡುತ್ತಿದ್ದಾರಾ ಎಂದು ಮೆಲ್ಲಗೆ ಎಳೆದ.

"ಹೊಸಬರೇನು, ನಿಮ್ಮನೆಯಿಂದಲೇ ಹೋಗ್ತಾರಲ್ಲಪ್ಪ ದಿನಾ" ಎಂದಳು ಅಜ್ಜಿ, ಬನ್ನು ಮುರಿಯುತ್ತಾ. "ಇನ್ನೂ ಬೆಳಕು ಹರಿದಿರಲ್ಲ. ಬಾಗಿಲು ತೆಗೆದ ಸದ್ದಾಗುತ್ತೆ. ಮಬ್ಬಾಗಿ ಕಾಣೋದು ಉದ್ದ ಕೋಟು, ತಲೆಗೆ ಟೋಪಿ. ಬಿರಬಿರನೆ ನಡೆದು ಬಿಡ್ತಾರೆ. ನೀನೇ ಅಂದ್ಕೊಂಡಿದ್ದೆ ಮೊದಲು. ಆದ್ರೆ ನೀನು ಹೋಗೋನಲ್ಲ, ಬರೋನು."

"ಗಂಡಸಾ?"

"ಬೂಟಿನ ಸದ್ದು. ಬೂಟು ಹಾಕ್ಕೊಂಡವರು ಇನ್ನೇನಪ್ಪ?"

ಕಡ್ಡಿ ಅಲ್ಲಿಂದ ಎದ್ದು ಬಂದದ್ದು ಹೇಗೋ ಅವನಿಗೇ ತಿಳಿಯದು. ವಾಚಿನವರು ಬೂಟು ಹಾಕುತ್ತಿದ್ದರೇ? ಚಪ್ಪಲಿಯಲ್ಲಿ ನೋಡಿದ ನೆನಪು. ಮೇಲಿನ ಮನೆಗೆ ಹೋಗಲು ಕೋಟು ಟೋಪಿ ಯಾಕೆ? ಬೇಕೆಂದೇ ವೇಷ ಹಾಕಿ, ಬೀದಿ ಸುತ್ತಿ, ಹಿಂದಿನಿಂದ ಮೆಟ್ಟಿಲು ಹತ್ತಿದರೆ? ಗುಮಾನಿಯ ಗುಣವೇ ಹಾಗೆ. ಹೊಂದದ ತುಂಡನ್ನು ಬಿಸಾಡುವುದಿಲ್ಲ, ಕತ್ತರಿಸಿ ಹೊಂದಿಸುತ್ತದೆ.

ಅವತ್ತೇ ಮಧ್ಯಾಹ್ನ, ಮಲಗುವ ಹೊತ್ತಿನಲ್ಲಿ, ಅವನು ಹೆಂಡತಿ ಕೆಲಸ ಮಾಡುವ ಟೈಲರ್ ಅಂಗಡಿಗೆ ಹೋದ. ಅವಳು ಒಳಗೆ ಊಟಕ್ಕೆ ಕೂತಿರುವ ಸಮಯ ನೋಡಿಕೊಂಡೇ ಹೋಗಿದ್ದ. ಅಂಗಡಿಯ ಮೇಷ್ಟ್ರು ಶಾಲೆಯ ಸಮವಸ್ತ್ರದ ನೀಲಿ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು.

"ಇವಳು ಹೊತ್ತಿಗೆ ಸರಿಯಾಗಿ ಬರ್ತಾಳಾ ಮೇಷ್ಟ್ರೇ? ಮಧ್ಯೆ ಎಲ್ಲಾದ್ರೂ... ಹೊರಗೆ ಗಿರಗೆ ಹೋಗ್ತಾಳಾ?"

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಹೊರಗೆ ಹೋಗೋಕೆ ಎಚ್ಚರ ಬೇಕಲ್ಲಪ್ಪ. ಮಿಷನ್ ಮೇಲೇ ತಲೆ ಇಟ್ಟು ನಿದ್ದೆ. ಮೊನ್ನೆ ಸೂಜಿ ಬೆರಳಿಗೇ ಇಳೀತು. ರಾತ್ರಿ ಎಲ್ಲ ಏನು ಮಾಡ್ತಾಳೆ ಅವಳು?"

ಮೇಷ್ಟ್ರು ಕೇಳಿದ್ದು ಕಾಳಜಿಯಿಂದ. ಕಡ್ಡಿಯ ಕಿವಿಗೆ ಅದು ಬೇರೆಯೇ ಆಗಿ ಬಿತ್ತು. ರಾತ್ರಿಯೆಲ್ಲ ಏನು ಮಾಡುತ್ತಾಳೆ!

ಒಂದು ರಾತ್ರಿ ಪಾಳಿಯ ಮಧ್ಯೆ ಎದ್ದು ಮನೆಗೆ ಹೋಗಿ ನೋಡಿದರೆ ಎಲ್ಲ ಬಯಲಾಗುತ್ತಿತ್ತು. ಹೋಗಲಿಲ್ಲ. ಬೇಕರಿಯ ಮೇಸ್ತ್ರಿಯನ್ನು ರಜೆ ಕೇಳಲು ಎರಡು ಸಲ ಬಾಯಿ ತೆರೆದ, ಎರಡು ಸಲವೂ ಒಲೆಯ ಬಿಸಿಯ ಬಗ್ಗೆ ಏನೋ ಕೇಳಿ ಬಂದ. ಕಣ್ಣಾರೆ ಕಂಡುಬಿಟ್ಟರೆ ಮುಂದೇನು? ಕಾಣುವವರೆಗೆ ಅದು ಗುಮಾನಿ. ಗುಮಾನಿಯ ಜೊತೆ ಹೇಗೋ ಬದುಕಬಹುದು. ಆ ವಾರ ಅವನ ಕೈಯಲ್ಲಿ ಒಂದಿಡೀ ಸರದಿ ಬ್ರೆಡ್ಡು ಸೀದು ಹೋಯಿತು. ಜೊತೆಯವರು ನಗಲಿಲ್ಲ, ಕಡ್ಡಿಯ ಒಲೆಯಲ್ಲಿ ಬ್ರೆಡ್ಡು ಸೀಯುವುದೆಂದರೆ ಏನೋ ಆಗಿದೆ ಎಂದು ಅವರಿಗೂ ಅನಿಸಿತ್ತು.

ಮನೆಯಲ್ಲಿ ಹೆಂಡತಿಯನ್ನು ಓರೆಗಣ್ಣಿನಿಂದ ನೋಡುತ್ತಿದ್ದ. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು, ಪಾದ ಊದಿತ್ತು. ಮಾತಿನ ಮಧ್ಯೆ ಕಣ್ಣೆಳೆಯುತ್ತಿದ್ದಳು. ಕನಿಕರ ಹುಟ್ಟುತ್ತಿತ್ತು, ಹುಟ್ಟಿದ್ದನ್ನು ಅವನೇ ಒದ್ದು ಹೊರಗಟ್ಟುತ್ತಿದ್ದ.

ಆಸ್ಪತ್ರೆಯ ದಿನ ಬಂತು. "ನಾನೂ ಬರ್ತೀನಿ" ಎಂದ.

"ಬೇಡ ಅಂದಿದ್ನಲ್ಲ. ನಿಮಗೆ ನಿದ್ದೆ ಇಲ್ಲ."

"ನನ್ನ ನಿದ್ದೆ ಹಾಳಾಗಿ ಎಷ್ಟೋ ದಿನ ಆಯ್ತು."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಚೀಲ ಎತ್ತಿಕೊಂಡಳು.

ಆಸ್ಪತ್ರೆಯ ಹಜಾರದಲ್ಲಿ ಅವನು ಬಾಗಿಲು ಕಾಣುವ ಹಾಗೆ ಕೂತ. ಪಕ್ಕದಲ್ಲಿ ಹೆಂಡತಿ ಕೂತಲ್ಲೇ ತೂಕಡಿಸತೊಡಗಿದ್ದಳು. ಬಾಗಿಲು ತೆರೆದಾಗಲೆಲ್ಲ ಇವನ ಬೆನ್ನು ಸೆಟೆಯುತ್ತಿತ್ತು. ಔಷಧಿ ಕಂಪನಿಯ ಚೀಲ ಹಿಡಿದ ಯುವಕ ಬಂದ: ಇವನೇ? ಯುವಕ ಇವರತ್ತ ನೋಡದೆ ಹೋದ. ಕೋಟು ತೊಟ್ಟ ಹಿರಿಯರೊಬ್ಬರು ಬಂದರು: ಇವರೇ? ಅವರ ಹಿಂದೆ ತುಂಬು ಬಸುರಿ ಮಗಳು ಬಂದಳು. ಮತ್ತೆ ಬಾಗಿಲು ತೆರೆಯಿತು. ಒಳಗೆ ಬಂದವರು ವಾಚು ರಿಪೇರಿಯವರು.

ಕಡ್ಡಿಗೆ ಕಣ್ಣು ಕತ್ತಲಿಟ್ಟಿತು. ತಾನು ಎದ್ದದ್ದು, ಹಜಾರ ದಾಟಿದ್ದು ಒಂದೂ ಅರಿವಿಲ್ಲ. ಅವರ ಅಂಗಿಯ ಎದೆಭಾಗ ಅವನ ಮುಷ್ಟಿಯಲ್ಲಿತ್ತು.

"ಬಂದ್ರಾ? ಬರಲ್ಲ ಅಂತ ಅಂದ್ಕೊಂಡಿದ್ದೆ. ಧೈರ್ಯ ಇದೆ ನಿಮಗೆ!"

"ಏನ್ರೀ ಇದು? ಬಿಡ್ರೀ! ಕಣ್ಣಿಗೆ ಔಷಧಿ ತಗೊಳ್ಳೋಕೆ ಬಂದೆ..."

"ಕಣ್ಣಿಗೆ! ರಾತ್ರಿ ಎಲ್ಲ ನಮ್ಮನೇಲಿ ಎಚ್ಚರ ಇದ್ದು ಕಣ್ಣು ಕೆಟ್ಟಿತಾ?"

 ಹೆಂಡತಿ ಎಚ್ಚರಗೊಂಡು ಎದ್ದು ನಿಂತಿದ್ದಳು. ಅವಳು ಆ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಂಡಿದ್ದಳು.

"ಲೋ, ಬಿಡೋ ಅವರನ್ನ!"

ಬಾಗಿಲ ಬಳಿಯಿಂದ ಬಂದ ಆ ದನಿ ಟಿಕೆಟ್ ಕೌಂಟರಿನ ಗಾಜಿನಾಚೆಗೂ ಕೇಳುವಂತೆ ಪಳಗಿದ ದನಿ. ಕಡ್ಡಿಯ ಕೈ ತಾನಾಗಿ ಸಡಿಲವಾಯಿತು. ಹುಟ್ಟಿದಾಗಿನಿಂದ ಆ ದನಿಗೆ ಸಡಿಲವಾಗಿ ಅಭ್ಯಾಸವಿದ್ದ ಕೈ ಅದು. ತಿರುಗಿ ನೋಡಿದರೆ ಅಕ್ಕ. ಡಿಪೋದ ಉದ್ದ ಕೋಟು, ಕಂಕುಳಲ್ಲಿ ಟೋಪಿ, ಕಾಲಿಗೆ ಬೂಟು. ಮಂಡಿಗೆ ಹಚ್ಚಿದ ಮುಲಾಮಿನ ವಾಸನೆ ಅವಳಿಗಿಂತ ಮೊದಲು ಬಂದು ಮುಟ್ಟಿತು.

ಯಾರೂ ಯಾರನ್ನೂ ಏನೂ ಕೇಳಬೇಕಾಗಲಿಲ್ಲ. ಹೆಂಡತಿ ಒಮ್ಮೆ ಗಂಡನನ್ನು ನೋಡಿದಳು, ಒಮ್ಮೆ ಕಸಿವಿಸಿಯಿಂದ ಅಂಗಿ ಸರಿಮಾಡಿಕೊಳ್ಳುತ್ತಿದ್ದ ವಾಚಿನವರನ್ನು ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು.

"ಮೇಷ್ಟ್ರ ಹತ್ರ ವಿಚಾರಿಸೋಕೆ ಬಂದಿದ್ದು ಇದಕ್ಕಾ?" ಎಂದಳು. ಅಷ್ಟೇ. ಅಷ್ಟರಲ್ಲಿ ನರ್ಸ್ ಕರೆದಳು.

ಡಾಕ್ಟರಮ್ಮ ಗಡಿಬಿಡಿಯಿಲ್ಲದ ಹೆಂಗಸು. ಮೂವರನ್ನೂ ಕೂರಿಸಿದರು. ಕಡ್ಡಿ ಕೂರಲಿಲ್ಲ, ಬಾಗಿಲಿಗೆ ಆನಿಕೊಂಡು ನಿಂತ.

"ಉಸಿರು ನಿಲ್ಲೋದನ್ನ ನೋಡಿದವರು ನೀವಾ? ಏನು ನೋಡಿದ್ರಿ, ಹೇಳಿ."

ಅಕ್ಕ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡಳು. "ಗೊರಕೆ ಜೋರಾಗ್ತಾ ಆಗ್ತಾ ಹೋಗುತ್ತೆ ಡಾಕ್ಟ್ರೇ. ಆಮೇಲೆ ತಟ್ಟನೆ ನಿಂತುಬಿಡುತ್ತೆ. ಎದೆ ಮಾತ್ರ ಏಳೋಕೆ ಗುದ್ದಾಡ್ತಿರುತ್ತೆ, ಮೂಗಿನ ಹತ್ರ ಕೈ ಹಿಡಿದ್ರೆ ಗಾಳಿ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ನೀರಲ್ಲಿ ಮುಳುಗಿ ಮೇಲೆ ಬಂದವಳ ಹಾಗೆ ಗಕ್ ಅಂತ ಎಳೀತಾಳೆ. ಅವಳಿಗೆ ಎಚ್ಚರ ಆಗೋದೇ ಇಲ್ಲ ಹೆಚ್ಚು ಸಲ. ಮತ್ತೆ ಗೊರಕೆ, ಮತ್ತೆ ನಿಲ್ಲೋದು."

"ಅಂಗಾತ ಮಲಗಿದಾಗ ಜಾಸ್ತಿನಾ?"

"ಹೌದು. ಅದಕ್ಕೇ ಪಕ್ಕಕ್ಕೆ ತಿರುಗಿಸಿ ಬೆನ್ನಿಗೆ ದಿಂಬು ಕೊಡ್ತೀನಿ. ಕಡಿಮೆ ಆಗುತ್ತೆ, ಹೋಗಲ್ಲ."

"ಎಷ್ಟೋ ಜನ ಗೊರಕೆ ಅಂದ್ರೆ ಒಳ್ಳೆ ನಿದ್ದೆ ಅಂದ್ಕೋತಾರೆ. ನಿಮಗೆ ಹೇಗೆ ಸಂಶಯ ಬಂತು?"

ಅಕ್ಕ ತಮ್ಮನ ಕಡೆ ನೋಡಲಿಲ್ಲ. "ನಮ್ಮಪ್ಪ ಹೀಗೇ ಮಲಗ್ತಿದ್ರು. ಮನೆಯೆಲ್ಲ ನಡುಗೋ ಗೊರಕೆ. ಒಂದು ರಾತ್ರಿ ನಿಂತ್ಹೋಯ್ತು. ಸದ್ಯ, ಇವತ್ತಾದ್ರೂ ಮನುಷ್ಯ ನೆಮ್ಮದಿಯಾಗಿ ಮಲಗಿದಾನೆ ಅಂದ್ಕೊಂಡು ನಾನೂ ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದ್ರೆ ಮೈ ತಣ್ಣಗಿತ್ತು. ಅಲ್ಲಿಂದ ಈಚೆಗೆ ಯಾರು ಗೊರಕೆ ಹೊಡೆದ್ರೂ ನಾನು ನಿಲ್ಲೋದನ್ನೇ ಕಾಯ್ತಿರ್ತೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಅವರು ಹೋಗಿದ್ದು ಅದರಿಂದಲೇ ಅಂತ ಇಷ್ಟರ ಮೇಲೆ ನಾನು ಹೇಳೋಕಾಗಲ್ಲ" ಎಂದರು. "ಆದ್ರೆ ಇವರ ವಿಷಯದಲ್ಲಿ ನೀವು ಹೇಳ್ತಿರೋದು ಮುಖ್ಯ. ಮಲಗಿದಾಗ ಗಂಟಲಿನ ದಾರಿ ಮುಚ್ಚಿಕೊಳ್ಳುತ್ತೆ. ಬಸುರಿಯಾದಾಗ ಮೂಗು, ಗಂಟಲು ಎಲ್ಲ ಸ್ವಲ್ಪ ಊದಿಕೊಳ್ಳೋದ್ರಿಂದ ಇದು ಹೊಸದಾಗಿ ಶುರುವಾಗಬಹುದು. ಬಿಪಿ ಏರೋದಕ್ಕೂ ಇದಕ್ಕೂ ನಂಟಿದೆ, ಸಕ್ಕರೆಗೂ ಇದೆ. ಮೊದಲು ಪರೀಕ್ಷೆ ಮಾಡೋಣ. ಮನೇಲೇ ಮಾಡಬಹುದು: ಬೆರಳಿಗೊಂದು ಕ್ಲಿಪ್ಪು, ಎದೆಗೊಂದು ಪಟ್ಟಿ, ಮೂಗಿನ ಹತ್ರ ಒಂದು ಸಣ್ಣ ಕೊಳವೆ. ಕಟ್ಟಿಕೊಂಡು ಮಲಗಿದ್ರೆ ಸಾಕು." ಆಮೇಲೆ ಬಾಗಿಲ ಕಡೆ ತಿರುಗಿದರು. "ನೀವು ಯಜಮಾನರು ಅಲ್ವಾ? ನಿಮ್ಮ ಗಮನಕ್ಕೆ ಏನೂ ಬಂದಿರಲಿಲ್ವಾ?"

ಆ ವಾರವೆಲ್ಲ ಅವನ ಗಮನಕ್ಕೆ ಬಾರದೆ ಉಳಿದದ್ದೇನಿತ್ತು! ಲೋಟ, ಚಾಪೆ, ದಿಂಬು, ಬೂಟು. ಹೆಂಡತಿಯ ಊದಿದ ಪಾದ, ಕಪ್ಪಾದ ಕಣ್ಣು ಕೂಡ ಕಂಡಿತ್ತು. "ಇಲ್ಲ" ಎಂದ. 

ಹೊರಗೆ ಬಂದ ಮೇಲೆ ಅಕ್ಕ, "ನನಗೆ ಪಾಳಿಗೆ ಹೊತ್ತಾಯ್ತು" ಎಂದು ಬಿರಬಿರನೆ ಹೋಗಿಬಿಟ್ಟಳು. ಗಂಡ ಹೆಂಡತಿ ಆಸ್ಪತ್ರೆಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂತರು.

"ಒಂದು ರಾತ್ರಿ ಉಸಿರು ಕಟ್ಟಿ ಎದ್ದು ಕೂತೆ" ಎಂದಳು ಅವಳು, ಯಾರಿಗೋ ಹೇಳುವವಳಂತೆ ರಸ್ತೆ ನೋಡುತ್ತಾ. "ಸತ್ತೇ ಹೋಗ್ತೀನಿ ಅನ್ನಿಸ್ತು. ಒಬ್ಬಳೇ ಮಲಗೋಕೆ ಭಯ. ನನಗೆ ಯಾರಿದಾರೆ ಕರೆಯೋಕೆ? ಡಿಪೋಗೆ ಹೋಗಿ, ನಾನು ನಿಮ್ಮ ತಮ್ಮನ ಹೆಂಡತಿ ಅಂದೆ. ಅಕ್ಕ ಕೌಂಟರ್ ಮುಚ್ಚಿ ಎದ್ದು ಬಂದ್ರು. ಅವತ್ತು ರಾತ್ರಿಯಿಂದ ಬರ್ತಿದಾರೆ, ಕಳ್ಳರ ಹಾಗೆ. ಹಗಲೆಲ್ಲ ಕೆಲಸ, ರಾತ್ರಿ ನನ್ನ ಕಾವಲು."

"ನನಗೆ ಹೇಳಬೇಕಿತ್ತು."

"ಹೇಳಿದ್ರೆ ಬೇಡ ಅಂತಿದ್ರಿ. ಬೇಡ ಅಂದ ಮೇಲೆ ಕರೆಸಿದ್ರೆ ಅದು ಮಾತು ಮೀರಿದ ಹಾಗೆ. ಅದಕ್ಕೆ ಕೇಳದೇ ಕರೆಸಿದೆ." ಅವಳು ಈಗ ಅವನ ಕಡೆ ತಿರುಗಿದಳು. "ನಾನು ಮುಚ್ಚಿಟ್ಟಿದ್ದು ತಪ್ಪು, ಒಪ್ಕೋತೀನಿ. ನೀವು? ಅವತ್ತು ಪರದೆ ಹಿಂದೆ ಎಲ್ಲ ಕೇಳಿಸಿಕೊಂಡ್ರಿ ಅಲ್ವಾ? ಆ ನರ್ಸ್ ನಿಮ್ಮ ಹೆಂಡತಿ ಉಸಿರು ನಿಲ್ಲುತ್ತಾ ಅಂತ ಕೇಳಿದ್ಳು. ಹೌದು ಅಂದೆ. ನಿಮ್ಮ ತಲೇಲಿ ಉಳಿದಿದ್ದು ಯಾರು ಹೇಳಿದ್ರು ಅನ್ನೋದು ಮಾತ್ರ."

 ಪರದೆಯ ಹಿಂದಿನಿಂದ ಬಂದ ಎರಡು ಮಾತಿನಲ್ಲಿ ಒಂದನ್ನಷ್ಟೇ ಅವನು ಮನೆಗೆ ಹೊತ್ತು ತಂದಿದ್ದ. ಇನ್ನೊಂದನ್ನು, ಬಸುರಿ ಹೆಂಡತಿಗೆ ಉಸಿರು ನಿಲ್ಲುತ್ತದೆ ಎಂಬುದನ್ನು, ಆ ಕುರ್ಚಿಯಲ್ಲೇ ಬಿಟ್ಟು ಬಂದಿದ್ದ. 

"ಇನ್ನು ಅಕ್ಕ ಮುಂಬಾಗಿಲಿಂದ ಬರ್ತಾರೆ, ಹಗಲು ಹೊತ್ತಲ್ಲಿ" ಎಂದಳು ಹೆಂಡತಿ ಏಳುತ್ತಾ. "ನಿಮಗೆ ಏನಾದ್ರೂ ಅನುಮಾನ ಬಂದ್ರೆ ನನ್ನನ್ನ ಕೇಳಿ. ಬೀದಿಯವರನ್ನಲ್ಲ."

ಪರೀಕ್ಷೆಯ ಪೆಟ್ಟಿಗೆ ಮನೆಗೆ ಬಂತು. ಕಡ್ಡಿ ರಜೆ ಹಾಕಿದ. ಮೇಸ್ತ್ರಿ ಕಾರಣ ಕೇಳಿದರೆ ಈ ಸಲ ಕಾರಣವನ್ನೇ ಹೇಳಿದ. ಅಕ್ಕ ಪಟ್ಟಿ ಕಟ್ಟಿದಳು, ಇವನು ಕ್ಲಿಪ್ಪು ಹಿಡಿದು ನಿಂತ. ಇಬ್ಬರೂ ಮಾತನ್ನೆಲ್ಲ ಹೆಂಡತಿಯ ಮೂಲಕವೇ ಆಡಿದರು. "ಅವನಿಗೆ ಹೇಳು, ವೈರು ಎಳೀಬೇಡ ಅಂತ." "ನಾನೇನೂ ಎಳೀತಿಲ್ಲ ಅಂತ ಹೇಳು." ಹೆಂಡತಿ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು, "ನಾನೇನು ಟೆಲಿಫೋನಾ?" ಎಂದಳು. ಆ ರಾತ್ರಿ ಅವನು ತನ್ನ ಕಿವಿಯಾರೆ ಕೇಳಿದ. ಏರುವ ಗೊರಕೆ, ತಟ್ಟನೆ ನಿಲ್ಲುವುದು, ಆ ಮೌನ. ಮೊದಲ ಸಲ ಅವನು ಗಾಬರಿಯಿಂದ ಎದ್ದು ನಿಂತುಬಿಟ್ಟ. ಅಕ್ಕ ತೋಳು ಹಿಡಿದು ಕೂರಿಸಿದಳು. ಆ ಮೌನ ಮುರಿಯುವವರೆಗೆ ಅವಳ ಬೆರಳುಗಳು ಅವನ ತೋಳನ್ನು ಬಿಡಲಿಲ್ಲ.

ಫಲಿತಾಂಶ ಬಂದಾಗ ಸಂಶಯವೇ ಉಳಿಯಲಿಲ್ಲ. ಡಾಕ್ಟರಮ್ಮ ರಾತ್ರಿ ಮೂಗಿಗೆ ಹಾಕಿಕೊಂಡು ಮಲಗುವ ಮಾಸ್ಕಿನ ಯಂತ್ರ ಬರೆದುಕೊಟ್ಟರು. ಗಾಳಿಯನ್ನು ಒತ್ತಿ ಒಳಗೆ ಕಳಿಸಿ, ಗಂಟಲ ದಾರಿ ಮುಚ್ಚದಂತೆ ನೋಡಿಕೊಳ್ಳುವಂಥದ್ದು. ಕಡ್ಡಿ ಅದನ್ನೂ ನಂಬಲಿಲ್ಲ. ಕರೆಂಟು ಹೋದರೆ? ಗಾಳಿ ಹೆಚ್ಚಾಗಿ ಮಗುವಿಗೆ ತಾಕಿದರೆ? ಈ ಸಲ ಪ್ರಶ್ನೆಗಳನ್ನೆಲ್ಲ ಡಾಕ್ಟರಮ್ಮನನ್ನೇ ಕೇಳಿದ. ಅವರು ಬೇಸರಿಸದೆ ಒಂದೊಂದಕ್ಕೂ ಉತ್ತರಿಸಿದರು. ಮೊದಲ ವಾರ ಹೆಂಡತಿ ನಿದ್ದೆಗಣ್ಣಿನಲ್ಲಿ ಮಾಸ್ಕನ್ನು ಕಿತ್ತೆಸೆಯುತ್ತಿದ್ದಳು. ಆಮೇಲೆ ಒಗ್ಗಿತು. ಒಂದು ಬೆಳಿಗ್ಗೆ ತಲೆನೋವಿಲ್ಲದೆ ಎದ್ದು, ಕನ್ನಡಿಯಲ್ಲಿ ಕೆನ್ನೆಯ ಮೇಲಿನ ಪಟ್ಟಿಯ ಗುರುತನ್ನು ನೋಡಿಕೊಂಡು, ಹಸಿವಾಗುತ್ತಿದೆ ಎಂದಳು.

ವಾಚಿನವರ ಮನೆಯ ಮೆಟ್ಟಿಲನ್ನು ಕಡ್ಡಿ ಮೂರು ಸಲ ಅರ್ಧ ಹತ್ತಿ ಇಳಿದ. ಕೊನೆಗೆ ಹತ್ತಿದ. ಅವರು ಬಾಗಿಲನ್ನು ಪೂರ್ತಿ ತೆರೆಯಲಿಲ್ಲ.

"ಗೊರಕೆ ನನ್ನ ಮನೆಗೂ ಕೇಳ್ತಿತ್ತು" ಎಂದರು. "ನಿಂತುನಿಂತು ಬರ್ತಿತ್ತು, ಅದಕ್ಕೇ ವಿಚಾರಿಸಿದೆ. ಹೆಣ್ಣುಮಗಳ ಗೊರಕೆ ವಿಷಯ ಗಂಡನ ಹತ್ರ ಹೇಗೆ ಎತ್ತೋದು ಅಂತ ಸಂಕೋಚ." ಕ್ಷಮಿಸಿ ಎಂದು ಇವನು ಹೇಳಿದ್ದಕ್ಕೆ ತಲೆಯಾಡಿಸಿ ಬಾಗಿಲು ಹಾಕಿಕೊಂಡರು. ಮೆಟ್ಟಿಲಲ್ಲಿ ಎದುರಾದರೆ ಈಗಲೂ ಗೋಡೆಯ ಪಕ್ಕಕ್ಕೇ ಸರಿಯುತ್ತಾರೆ. ಅದು ಹಾಗೇ ಉಳಿಯಿತು.

ಹೆಣ್ಣು ಮಗು ಹುಟ್ಟಿತು, ದಿನ ತುಂಬುವುದಕ್ಕೆ ಸ್ವಲ್ಪ ಮೊದಲು. ಕೊನೆಯಲ್ಲಿ ಬಿಪಿ ಮತ್ತೆ ಏರಿ ಡಾಕ್ಟರಮ್ಮ ಕಾಯುವುದು ಬೇಡ ಎಂದಿದ್ದರು. ಮಗು ಚಿಕ್ಕದು, ಆದರೆ ಅಳುವಿಗೆ ಯಾವ ಕೊರತೆಯೂ ಇರಲಿಲ್ಲ. "ಅತ್ತೆಯ ಗಂಟಲು" ಎಂದಳು ನರ್ಸ್, ಅಕ್ಕ ಹಜಾರದಲ್ಲಿ ಯಾರಿಗೋ ಸುದ್ದಿ ಹೇಳುತ್ತಿದ್ದದ್ದನ್ನು ಕೇಳಿ. ಬಾಣಂತನ ಮುಗಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿ, ಮಾಸ್ಕ್ ಇನ್ನೂ ಬೇಕೋ ಬೇಡವೋ ನೋಡೋಣ ಎಂದರು ಡಾಕ್ಟರಮ್ಮ.

ಕಡ್ಡಿ ಹಗಲು ಪಾಳಿಗೆ ಬದಲಾಯಿಸಿಕೊಂಡ. ಹೆಂಡತಿ ಅವನೊಂದಿಗೆ ಮಾತಾಡುತ್ತಿದ್ದಳು, ನಗುತ್ತಿದ್ದಳು. ಆದರೆ ಎಲ್ಲಿಗೆ ಹೊರಟರೂ, ಕೇಳದಿದ್ದರೂ, ಎಲ್ಲಿಗೆ ಎಂದು ಹೇಳಿಯೇ ಹೊರಡುತ್ತಿದ್ದಳು. ಅದು ಬರೀ ಹೇಳುವುದಲ್ಲ, ಏಟು ಎಂದು ಅವನಿಗೆ ಗೊತ್ತಿತ್ತು. ತಿನ್ನಬೇಕಿತ್ತು, ತಿಂದ.

ಅಕ್ಕನಿಗೆ ಸಂಜೆ ಪಾಳಿಯಿದ್ದ ಒಂದು ದಿನ ಅವಳನ್ನು ಡಿಪೋವರೆಗೆ ಬಿಟ್ಟುಬರಲು ಹೊರಟ. ಸೇತುವೆಯ ಮೇಲೆ ಗಾಳಿ ಜೋರಿತ್ತು. ಅಕ್ಕ ಟೋಪಿಯನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದಳು.

"ಅವತ್ತು ರಾತ್ರಿ ಅಪ್ಪ ಏನಾದ್ರೂ ಹೇಳಿದ್ರಾ?" ಎಂದು ಕೇಳಿದ. ಇಷ್ಟು ವರ್ಷ ಅವನು ಕೇಳಿರದಿದ್ದ ಪ್ರಶ್ನೆ. ಅಂದು ಅವನು ಬಂದವನೇ, ಹತ್ತು ಜನರ ಮುಂದೆ, ಪಕ್ಕದಲ್ಲೇ ಮಲಗಿದ್ದು ಅಪ್ಪನನ್ನು ಸಾಯಲು ಬಿಟ್ಟೆಯಲ್ಲ ಎಂದು ಕೂಗಿದ್ದ. ಅವಳು ಬಾಯಿ ತೆರೆಯಲು ಬಿಟ್ಟಿರಲಿಲ್ಲ.

"ನೀರು ಕೇಳಿದ್ರು. ಕೊಟ್ಟೆ. ನಿನ್ನ ಪಾಳಿ ಯಾವಾಗ ಮುಗಿಯುತ್ತೆ ಅಂದ್ರು. ಬೆಳಿಗ್ಗೆ ಬರ್ತಾನೆ ಅಂದೆ. ಬರುವಾಗ ಬನ್ನು ತರ್ತಾನಾ ಅಂದ್ರು. ತರ್ತಾನೆ ಮಲಗಿ ಅಂದೆ. ಅಷ್ಟೇ."

ಅವನು ಸೇತುವೆಯ ಕಂಬಿ ಹಿಡಿದು ನಿಂತ. ಅಕ್ಕ ಒಂದೆರಡು ಹೆಜ್ಜೆ ಮುಂದೆ ಹೋಗಿದ್ದವಳು ಹಿಂದಕ್ಕೆ ಬಂದಳು.

"ಅಕ್ಕ, ನಾನು ಅವತ್ತು..."

"ಗೊತ್ತು" ಎಂದಳು. "ನನಗೆ ಸಿಟ್ಟು ಇನ್ನೂ ಇದೆ ಕಣೋ. ಹೋಗುತ್ತೆ ಅಂತ ಕಾಣುತ್ತೆ. ಅವಸರ ಮಾಡಬೇಡ."

ಡಿಪೋದ ಗೇಟಿನಲ್ಲಿ ಸಂಜೆಯ ಬಸ್ಸುಗಳು ಸಾಲಾಗಿ ನಿಂತಿದ್ದವು. ಕೌಂಟರಿನ ಮುಂದೆ ಆಗಲೇ ಜನ ಸೇರಿದ್ದರು. ಅಕ್ಕ ಟೋಪಿ ಹಾಕಿಕೊಂಡು, "ದಾರಿ ಬಿಡಿ, ದಾರಿ ಬಿಡಿ" ಎನ್ನುತ್ತಾ ಒಳಗೆ ನುಗ್ಗಿದಳು. ಅವಳು ಗಾಜಿನ ಹಿಂದೆ ಕೂತು ಮೊದಲ ಟಿಕೆಟ್ ಹರಿದು ಕೊಡುವವರೆಗೂ ಅವನು ಅಲ್ಲೇ ನಿಂತಿದ್ದು, ಮನೆಯ ಕಡೆ ತಿರುಗಿದ.